ಬಲ್ಬೋಸಮ್ ಪರಾಗದಿಂದ ಬಾರ್ಲಿ ಹ್ಯಾಪ್ಲಾಯ್ಡ್: ನನ್ನ ಅನುಭವ

ಹ್ಯಾಪ್ಲಾಯ್ಡ್, ಅಂದರೆ ಕ್ರೋಮೋಸೋಮಿನ ಒಂದೇ ಸೆಟ್ ಇರುವ ಬಾರ್ಲಿ ಸಸಿ, ಪಡೆಯಲು ನಾನು ಬಾರ್ಲಿ ಹೂವಿಗೆ ಅದರ ಕಾಡು ನೆಂಟ ಬಲ್ಬೋಸಮ್ ಹುಲ್ಲಿನ ಪರಾಗ ಹಚ್ಚುತ್ತೇನೆ; ಭ್ರೂಣದಿಂದ ಬಲ್ಬೋಸಮ್ ಕ್ರೋಮೋಸೋಮು ಕಳಚಿ ಬಾರ್ಲಿಯದಷ್ಟೇ ಉಳಿಯುತ್ತದೆ. ಆಂಥರ್ ಕಲ್ಚರ್ (ಪರಾಗಕೋಶದಿಂದ ಲ್ಯಾಬಿನಲ್ಲಿ ಸಸಿ ಬೆಳೆಸುವುದು) ಇರುವಾಗ, ಕೆನಡಾದ ಗ್ವೆಲ್ಫ್‌ನಲ್ಲಿ ವಿಜ್ಞಾನಿಗಳಾದ ಕಾಶಾ ಮತ್ತು ಕಾವ್ 1970ರಲ್ಲಿ ತೋರಿಸಿದ ಈ ಹಳೇ ವಿಧಾನ ಯಾಕೆ ಅಂದವರೇ ಹೆಚ್ಚು. ನಮ್ಮ ಆರು ಸಾಲಿನ ತಳಿಗಳಲ್ಲಿ ಆಂಥರ್‌ನಿಂದ ಬಂದದ್ದೆಲ್ಲ ಬಹುಪಾಲು ಹಸಿರಿಲ್ಲದ, ಬದುಕದ ಬಿಳಿ ಸಸಿ. ಈಗ ಅದೇ ತಳಿಗಳಲ್ಲಿ ನೂರು ಹೂವಿಗೆ ಪರಾಗ ಹಚ್ಚಿದರೆ ಹದಿನೈದರ ಆಸುಪಾಸು ಹಸಿರು ಹ್ಯಾಪ್ಲಾಯ್ಡ್ ಸಿಗುತ್ತಿವೆ. ಅನುಮಾನಪಟ್ಟವರೇ ಈಗ ಬಲ್ಬೋಸಮ್ ಗಡ್ಡೆ ಕೇಳುತ್ತಿದ್ದಾರೆ.

ಕೆಲಸ ಕೆಡುವುದು ಬೀಜ ತರಿಸುವಾಗಲೇ. ಹಾರ್ಡಿಯಮ್ ಬಲ್ಬೋಸಮ್ ಸ್ಪೇನಿನಿಂದ ಟರ್ಕಿ, ಇರಾನ್ ದಾಟಿ ಮಧ್ಯ ಏಷ್ಯಾದವರೆಗೆ ಹಬ್ಬಿದ ಹುಲ್ಲು. ಆದರೆ 14 ಕ್ರೋಮೋಸೋಮಿನದು ಮೆಡಿಟರೇನಿಯನ್ನಿನ ಪಶ್ಚಿಮದ ಕಡೆ; ಗ್ರೀಸಿನಿಂದ ಪೂರ್ವಕ್ಕೆ ಹೋದಷ್ಟೂ 28ರದೇ ರಾಜ್ಯ. ಡಿಪ್ಲಾಯ್ಡ್ (ಎರಡು ಸೆಟ್, 14 ಕ್ರೋಮೋಸೋಮಿನ) ಬಾರ್ಲಿಗೆ 28ರ ಪರಾಗ ಬಿದ್ದರೆ ಬರುವುದು ಮೂರು ಸೆಟ್‌ನ ಬಂಜೆ ಟ್ರಿಪ್ಲಾಯ್ಡ್. ಚೀಟಿಯಲ್ಲಿ ಡಿಪ್ಲಾಯ್ಡ್ ಅಂತಿದ್ದರೂ ಬೇರಿನ ತುದಿಯಲ್ಲಿ ಕ್ರೋಮೋಸೋಮು ಎಣಿಸಿಯೇ ಕುಂಡಕ್ಕೆ ಹಾಕಿ. ಚೀಟಿ ತಪ್ಪಿದ್ದ ಒಂದು ಪೊಟ್ಟಣ ನಮ್ಮ ಒಂದಿಡೀ ಹಂಗಾಮಿನ ಗ್ರೋತ್ ರೂಮ್ ಬಾಡಿಗೆ ನುಂಗಿತು.

ಬಲ್ಬೋಸಮ್ ಗಿಡಕ್ಕೆ 4–5 ಡಿಗ್ರಿಯಲ್ಲಿ ಸುಮಾರು ಎಂಟು ವಾರ ಚಳಿ ಬೇಕು, ಇಲ್ಲವಾದರೆ ತೆನೆಯಿಲ್ಲ. ಪರಾಗ ಬೇಗ ಸಾಯುತ್ತದೆ. ಬೆಳಿಗ್ಗೆ ತೆಗೆದದ್ದನ್ನು ಆಗಲೇ ಹಚ್ಚಿ ಮುಗಿಸಬೇಕು. ಮಾರನೇ ದಿನ, ಅದರ ಮಾರನೇ ದಿನ ಬಾರ್ಲಿ ತೆನೆಗೆ 75 ಪಿಪಿಎಂ ಜಿಬ್ಬರೆಲಿಕ್ ಆಸಿಡ್ (ಸಸ್ಯ ಹಾರ್ಮೋನು) ಸಿಂಪಡಣೆ. ಅದರ ಜೊತೆ ನಾನು ಬೆರೆಸುವ ಇನ್ನೊಂದು ವಸ್ತು ಸದ್ಯಕ್ಕೆ ನನ್ನಲ್ಲೇ ಇರಲಿ.

ನಿಜವಾದ ಖರ್ಚು ಹೀಟರಿನದು. ಮೊದಲ ವಾರ ಹಗಲೂ ರಾತ್ರಿ 20–22 ಡಿಗ್ರಿ ಇರಲೇಬೇಕು. ಕರೆಂಟ್ ಉಳಿಸಲು ಹೋಗಿ ರಾತ್ರಿ 18ಕ್ಕಿಂತ ಕೆಳಗಿಳಿದರೆ ಬಲ್ಬೋಸಮ್ ಕ್ರೋಮೋಸೋಮುಗಳು ಭ್ರೂಣದಿಂದ ಕಳಚಿಕೊಳ್ಳದೆ ಉಳಿದು ಹೈಬ್ರಿಡ್ ಆಗುತ್ತದೆ.

ಎರಡು ವಾರಕ್ಕೆ ಕಾಳು ಬಿಡಿಸಿ. ಒಳಗೆ ಗಟ್ಟಿ ಹಿಟ್ಟಿದ್ದರೆ ಅದು ಸ್ವಂತ ಪರಾಗದ್ದು, ಬಿಸಾಡಿ. ನಮಗೆ ಬೇಕಾದ ಕಾಳು ಒತ್ತಿದರೆ ಬರೀ ನೀರು. ಆ ನೀರಿನಲ್ಲಿ ಮಿಲಿಮೀಟರ್ ಉದ್ದದ ಬಿಳಿ ಭ್ರೂಣ ತೇಲುತ್ತಿರುತ್ತದೆ. ಸೂಜಿಯಿಂದ ಚುಚ್ಚದೆ, ತೇವದ ತುದಿಗೆ ಅಂಟಿಸಿಕೊಂಡು ಬಿ5 ಎಂಬ ಪೋಷಕ ಮೀಡಿಯಂ ಮೇಲಿಟ್ಟು, ಮೊಳಕೆ ಏಳುವವರೆಗೆ ಕತ್ತಲಲ್ಲಿಡಿ.

ಮೂರು–ನಾಲ್ಕು ಎಲೆ ಬಂದಾಗ, ಕ್ರೋಮೋಸೋಮು ಇಮ್ಮಡಿಸಿ ಸಸಿ ಕಾಳು ಕಟ್ಟುವಂತಾಗಲು ಕಾಲ್ಚಿಸಿನ್: 0.05 ಶೇಕಡಾ, ಜೊತೆಗೆ ಅದನ್ನು ಒಳಗಿಳಿಸುವ ದ್ರಾವಕ ಡಿಎಂಎಸ್ಒ 2 ಶೇಕಡಾ, ಐದು ಗಂಟೆ, ಗಿಡದ ಬುಡ ಮುಳುಗುವಂತೆ. ವಿಷ ಅದು, ಕೈಗವಸು ತಪ್ಪಿಸಬೇಡಿ. ಬೀಕರ್ ಬಿಟ್ಟು ಸಣ್ಣ ಟೆಸ್ಟ್ ಟ್ಯೂಬಿನಲ್ಲಿ ಒಂದೊಂದೇ ಸಸಿ ನಿಲ್ಲಿಸಿದ್ದರಿಂದ ಕಾಲ್ಚಿಸಿನ್ ಖರ್ಚು ಅರ್ಧಕ್ಕರ್ಧ ಇಳಿಯಿತು.

ಇದೇ ಪರಾಗವನ್ನು ಗೋಧಿಗೂ ಹಚ್ಚಿ ನೋಡಿದೆ. ಚೈನೀಸ್ ಸ್ಪ್ರಿಂಗ್ ಎಂಬ ತಳಿಯಲ್ಲಿ ಭ್ರೂಣ ಕಟ್ಟಿತು, ಉಳಿದವುಗಳಲ್ಲಿ ಬೇರೆ ಜಾತಿಯ ಪರಾಗ ತಡೆಯುವ ಕೆಆರ್ ಜೀನ್ ಅಡ್ಡ ಬಂತು. ಗೋಧಿಗೆ ಮೆಕ್ಕೆಜೋಳದ ಪರಾಗವೇ ವಾಸಿ.