ನೂರು ವರ್ಷದ ಹಿಂದಿನ ಕೊಲೆಯ ಜಾಡು ಹಿಡಿಯುವುದು ಹೇಗೆ?

ಹಾಸನ, ಚಿಕ್ಕಮಗಳೂರು ಕಡೆ ಯಾವ ಊರಿಗೆ ಹೋದರೂ ಹಳೇ ಕೊಲೆಯ ಕಥೆ ಒಂದಾದರೂ ಇದ್ದೇ ಇರುತ್ತದೆ. ಕೆರೆಯಲ್ಲಿ ಹೆಣ ತೇಲಿತ್ತಂತೆ, ಕಾಫಿ ತೋಟದ ಕೂಲಿ ಲೈನಿನಲ್ಲಿ ಮೇಸ್ತ್ರಿಯನ್ನು ಕಡಿದಿದ್ದರಂತೆ. ಕೊಂದವನ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಸತ್ತವರು ಯಾರು ಅಂದರೆ ‘ಯಾರೋ ಕೂಲಿ ಹೆಂಗಸು’ ಅಂತಾರೆ. ನನಗೆ ಇದು ತುಂಬಾ ನೋವಿನ ವಿಷಯ. ಹುಡುಕುವುದಾದರೆ ಆ ಹೆಸರನ್ನೇ ಹುಡುಕಿ.

ಮೊದಲು ವರ್ಷ ಗಟ್ಟಿ ಮಾಡಿಕೊಳ್ಳಿ. ಹಿರಿಯರನ್ನು ಇಸವಿ ಕೇಳಬೇಡಿ, ಪ್ಲೇಗಿಗೆ ಮುಂಚೆಯಾ ಆಮೇಲಾ ಅಂತ ಕೇಳಿ. ಸಂವತ್ಸರದ ಹೆಸರು ಸಿಕ್ಕರೆ ಇನ್ನೂ ಒಳ್ಳೆಯದು. ಕಾಳಯುಕ್ತಿ ಅಂದರೆ 1918ರ ಯುಗಾದಿಯಿಂದ 1919ರ ಯುಗಾದಿವರೆಗೆ, ಇನ್‌ಫ್ಲುಯೆಂಜಾ ಬಡಿದ ವರ್ಷ.

ಆಮೇಲೆ ಜಾಗದ ಹೆಸರು. ಚಿಕ್ಕಮಗಳೂರು ಜಿಲ್ಲೆ ಅಂತ ಹುಡುಕಿದರೆ ಏನೂ ಸಿಗಲ್ಲ, 1947ರವರೆಗೆ ಅದು ಕಡೂರು ಜಿಲ್ಲೆ. ಸಕಲೇಶಪುರದ ಕಡೆಯದನ್ನು ಮಂಜರಾಬಾದ್ ತಾಲ್ಲೂಕಿನಲ್ಲಿ ನೋಡಬೇಕು.

ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳನ್ನು ಕೇಳಿ. ಆಗಿನ ಸರ್ಕಾರಿ ವರ್ಷ ಜುಲೈಯಿಂದ ಜೂನ್‌ವರೆಗೆ, ಹಾಗಾಗಿ 1919ರ ಮಾರ್ಚಿನ ಕೊಲೆ 1918-19ರ ವರದಿಯಲ್ಲಿ ಬರುತ್ತದೆ. ಅಲ್ಲಿ ಸಿಗುವುದು ಜಾಸ್ತಿ ಅಂಕಿ ಮಾತ್ರ, ಹೆಸರಲ್ಲ.

ಹೆಸರು ಬೇಕಾದರೆ ಕೋರ್ಟಿನ ಕಾಗದಕ್ಕೇ ಹೋಗಬೇಕು. ಆಗ ಕೊಲೆ ಅಂದರೆ ಇಂಡಿಯನ್ ಪೀನಲ್ ಕೋಡಿನ 302ನೇ ಸೆಕ್ಷನ್, ವಿಚಾರಣೆ ಸೆಷನ್ಸ್ ಜಡ್ಜ್ ಮುಂದೆ. ಆಗ ಸಂಸ್ಥಾನದ ಸೆಷನ್ಸ್ ಕೋರ್ಟುಗಳು ಇದ್ದದ್ದು ಬೆಂಗಳೂರು, ಮೈಸೂರು, ಶಿವಮೊಗ್ಗದಲ್ಲಿ, ಅದಕ್ಕೇ ಹಾಸನದಲ್ಲಷ್ಟೇ ಹುಡುಕಿ ಕೈಬಿಡಬೇಡಿ. ಮೇಲ್ಮನವಿ ಹೋಗಿದ್ದರೆ ಅದು 1884ರಲ್ಲಿ ಶುರುವಾದ ಮೈಸೂರು ಚೀಫ್ ಕೋರ್ಟಿಗೆ. 1930ರಲ್ಲಿ ಅದೇ ಹೈಕೋರ್ಟ್ ಆಯಿತು. ಚೀಫ್ ಕೋರ್ಟಿನ ಮುಖ್ಯ ತೀರ್ಪುಗಳು ಅಚ್ಚಾಗಿವೆ, ಹಳೇ ಕಾನೂನು ಲೈಬ್ರರಿಗಳಲ್ಲಿ ವಿಚಾರಿಸಿ.

ಅಪ್ಪಿತಪ್ಪಿ ಮಹಜರು, ಅಂದರೆ ಹೆಣವನ್ನು ನೋಡಿ ಬರೆದ ವರದಿ, ಕೈಗೆ ಸಿಕ್ಕರೆ ಅವಸರ ಮಾಡಬೇಡಿ. ಕೈಬರಹ ಕಷ್ಟ, ಫಿರ್ಯಾದಿ, ಕೈಫಿಯತ್ತು, ಮುಚ್ಚಳಿಕೆ ಅಂತ ಕಚೇರಿ ಮಾತೂ ಜಾಸ್ತಿ. ಗಾಯದ ಸಾಲುಗಳನ್ನು ಓದಿ ಅಲ್ಲಿಗೇ ಬಿಡುವವರೇ ಹೆಚ್ಚು. ಹೆಣದ ಮೈಮೇಲೆ ಏನಿತ್ತು ಅನ್ನುವುದನ್ನು ಓದಿ. ಸೀರೆಯ ಬಣ್ಣ, ಕೈಬಳೆ, ಸೊಂಟದ ಎಲೆಅಡಿಕೆ ಚೀಲ, ತಲೆ ಯಾವ ದಿಕ್ಕಿಗಿತ್ತು. ಆ ಜೀವದ ಬಗ್ಗೆ ಬರೆದಿಟ್ಟದ್ದು ಬಹುಶಃ ಅದೊಂದೇ. ಗುರುತು ಹಿಡಿದವರು ಯಾರು, ಸತ್ತವರಿಗೆ ಅವರು ಏನಾಗಬೇಕು ಅನ್ನುವುದನ್ನೂ ಬರೆದುಕೊಳ್ಳಿ, ಮನೆತನದ ಎಳೆ ಅಲ್ಲಿಂದಲೇ ಸಿಗುವುದು. ಕತ್ತಿ ಸಿಕ್ಕಿತು ಅಂದ ಮಾತ್ರಕ್ಕೆ ಏನನ್ನೂ ತೀರ್ಮಾನಿಸಬೇಡಿ, ಮಲೆನಾಡಿನಲ್ಲಿ ಕತ್ತಿ ಇಲ್ಲದ ಮನೆ ಎಲ್ಲಿದೆ?

‘ವೃತ್ತಾಂತ ಪತ್ರಿಕೆ’ಯಂಥ ಆಗಿನ ಪತ್ರಿಕೆಗಳನ್ನೂ ನೋಡಿ. ಆದರೆ 1908ರ ಪತ್ರಿಕಾ ಕಾನೂನಿನಿಂದ ಕೆಲವು ಪತ್ರಿಕೆಗಳು ನಿಂತುಹೋದವು, ಹಾಗಾಗಿ ಸುದ್ದಿ ಸಿಗಲಿಲ್ಲ ಅಂದರೆ ಕೊಲೆ ಆಗಿಲ್ಲ ಅಂತಲ್ಲ.

ಬರೆದು ಹಾಕುವ ಮುಂಚೆ ಎರಡೂ ಕಡೆಯ ಮನೆಯವರನ್ನು ಹುಡುಕಿ ಮಾತಾಡಿಸಿ. ಕೊಂದವನ ಮೊಮ್ಮಕ್ಕಳು ಅದೇ ಊರಲ್ಲಿ ಇರಬಹುದು, ಅವರ ಮನೆ ಹೆಸರು ಬಿಟ್ಟುಬಿಡಿ. ಸತ್ತವರ ಹೆಸರನ್ನು ಮಾತ್ರ, ಅವರ ಕಡೆಯವರು ಒಪ್ಪಿದರೆ, ಪೂರ್ತಿ ಬರೆಯಿರಿ.