ಆಶಾ ಕಾರ್ಯಕರ್ತೆಯರ ಜೊತೆ ಬಿಪಿ ಪಾಠ: ನನ್ನ ಅನುಭವ

ನಾನು ತುಮಕೂರು ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆ. 30 ವರ್ಷ ದಾಟಿದವರ ಮನೆಗೆ ಹೋಗಿ ಫಾರಂ ತುಂಬುವುದು ನಮ್ಮ ಆಶಾ ಕಾರ್ಯಕರ್ತೆಯರಿಗೆ ಹೊಸದಲ್ಲ. ಬಿಪಿ ಇದೆ ಅಂತ ಗೊತ್ತಾದವರು ಮಾತ್ರೆ ಬಿಡದ ಹಾಗೆ ನೋಡಿಕೊಳ್ಳುವುದೇ ಕಷ್ಟ. ನಾನು ಅವರಿಗೆ ಕೊಟ್ಟ ಬಿಪಿ ತರಬೇತಿಯಲ್ಲಿ ಜಾಸ್ತಿ ಸಮಯ ಕೊಟ್ಟಿದ್ದು ಅದಕ್ಕೇ.

ಬಿಪಿ ನೋಡುವುದನ್ನು ಬೇಗ ಕಲಿತರು. ಐದು ನಿಮಿಷ ಸುಮ್ನೆ ಕೂರಿಸಬೇಕು. ಬೆನ್ನಿಗೆ ಆಸರೆ ಇರಲಿ, ಪಾದ ನೆಲದ ಮೇಲಿರಲಿ, ತೋಳು ಎದೆಯ ಮಟ್ಟಕ್ಕಿರಲಿ. ಪಟ್ಟಿಯನ್ನು ಬರಿ ತೋಳಿಗೆ ಸುತ್ತಬೇಕು, ಬಟ್ಟೆಯ ಮೇಲಲ್ಲ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಬೀಡಿ, ಹೊಗೆಸೊಪ್ಪು ಬೇಡ. ನೋಡುವಾಗ ಮಾತೂ ಬೇಡ. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಮ್ಮೆ ನೋಡಿ ಕೇಂದ್ರಕ್ಕೆ ಕಳಿಸಬೇಕು. 180/110 ದಾಟಿದರೆ ಅದೇ ದಿನ ಕಳಿಸಬೇಕು. ಎದೆನೋವು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ ತಡಮಾಡದೆ 108ಕ್ಕೆ ಫೋನ್.

ಆಮೇಲೆ ಕಾರ್ಯಕರ್ತೆಯರಲ್ಲೇ ಒಬ್ಬರನ್ನು ಬಿಪಿ ಇರುವ ಅಜ್ಜಿಯ ಪಾತ್ರದಲ್ಲಿ ಕೂರಿಸಿ, ಇನ್ನೊಬ್ಬರಿಂದ ಮಾತಾಡಿಸಿದೆ.

"ಅಜ್ಜಿ, ಮಾತ್ರೆ ತಗೊಂಡ್ರಾ?"

"ಹ್ಞೂಂ ಕಣವ್ವ, ತಗೊಂಡೆ."

ಹೀಗೆ ಕೇಳಿದರೆ ಯಾರಾದರೂ ಹೂಂ ಅಂತಲೇ ಹೇಳುತ್ತಾರೆ, ಅಲ್ವಾ? ಹಾಗಾಗಿ ಕೇಳುವ ರೀತಿ ಬದಲಾಯಿಸಿದೆವು. "ಒಂದೊಂದು ದಿನ ಎಲ್ಲರಿಗೂ ಮರೆಯುತ್ತೆ ಅಜ್ಜಿ. ಈ ವಾರ ಎಷ್ಟು ದಿನ ತಪ್ಪಿತು? ಮಾತ್ರೆ ಶೀಟು ಸ್ವಲ್ಪ ತೋರಿಸ್ತೀರಾ?" ಆಗ ನಿಜವಾದ ಕಾರಣಗಳು ಹೊರಗೆ ಬಂದವು. ತಮ್ಮ ಊರಿನಲ್ಲಿ ಕೇಳಿದ ಮಾತನ್ನೇ ಅಜ್ಜಿ ಪಾತ್ರದವರು ಹೇಳಿದರು: "ಕಾಲು ಊದ್ತದೆ, ಅದಕ್ಕೇ ಬಿಟ್ಟೆ." ಆಮ್ಲೋಡಿಪಿನ್ ಅನ್ನುವ ಬಿಪಿ ಮಾತ್ರೆ ತಗೊಳ್ಳುವ ಕೆಲವರಿಗೆ ಪಾದ ಊದುವುದು ನಿಜ. ಅಂಥವರಿಗೆ ಮಾತ್ರೆ ಬದಲಾಯಿಸಬಹುದು. ಆದರೆ ಅವರು ನಮ್ಮ ಹತ್ತಿರ ಬರಬೇಕು, ಮನೆಯಲ್ಲೇ ನಿಲ್ಲಿಸಬಾರದು. "ಬಿಪಿ ನಾರ್ಮಲ್ ಬಂತು, ಇನ್ಯಾಕೆ?" ಅನ್ನುವವರಿಗೆ ಒಂದೇ ಉತ್ತರ: ಮಾತ್ರೆ ತಗೊಂಡಿದ್ದಕ್ಕೇ ನಾರ್ಮಲ್ ಬಂದಿದೆ.

ಉಪ್ಪಿನ ಲೆಕ್ಕ ಎಲ್ಲರಿಗೂ ಹಿಡಿಸಿತು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗಿರಬೇಕು, ಅಂದರೆ ಒಂದು ಟೀ ಚಮಚ. ಐದು ಜನ ದೊಡ್ಡವರಿರುವ ಮನೆಗೆ ತಿಂಗಳಿಗೆ ಮುಕ್ಕಾಲು ಕೆಜಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಇದರಲ್ಲೇ ಸೇರಬೇಕು. "ಉಪ್ಪು ಕಮ್ಮಿ ಮಾಡಿ" ಅನ್ನುವ ಬದಲು "ತಿಂಗಳಿಗೆ ಎಷ್ಟು ಪ್ಯಾಕೆಟ್ ತರ್ತೀರಿ?" ಅಂತ ಕೇಳಿದರೆ ಮಾತು ಮುಂದೆ ಹೋಗುತ್ತದೆ.

ಇಷ್ಟೆಲ್ಲ ಕೆಲಸ ಕೇಳುತ್ತಿರುವುದು ಗೌರವಧನ, ಪ್ರೋತ್ಸಾಹಧನದ ಮೇಲೆ ದುಡಿಯುವವರ ಹತ್ತಿರ. ಆ ದುಡ್ಡು ಸರಿಯಾದ ಸಮಯಕ್ಕೆ ಅವರ ಕೈ ಸೇರಲೇಬೇಕು.

ಈಗ ತಿಂಗಳ ಸಭೆಯಲ್ಲಿ ಮೊದಲು ಮಾತಾಡುವುದು ಮಾತ್ರೆ ಒಯ್ಯಲು ಕೇಂದ್ರಕ್ಕೆ ಬರದೇ ಇದ್ದವರ ಬಗ್ಗೆ. ಬೆಂಗಳೂರಿಗೆ ಕೂಲಿಗೆ ಹೋದವರೇ ಅದರಲ್ಲಿ ಜಾಸ್ತಿ. ಅವರು ಹಬ್ಬಕ್ಕೆ ಊರಿಗೆ ಬಂದಾಗ ಬಿಪಿ ನೋಡಿ, ದಾಸ್ತಾನು ಇದ್ದರೆ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟು ಕಳಿಸುತ್ತೇವೆ.