ಇಂಗ್ಲೆಂಡಿನ ಮನೆಗೆ ಮಲೆನಾಡಿನಿಂದ ಕಂದಾಯ ಕಟ್ಟುವುದು ಹೇಗೆ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಇಂಗ್ಲೆಂಡಿನಲ್ಲಿದ್ದಾರೆ. ಓದಲು ಹೋದವರು ಅಲ್ಲೇ ಕೆಲಸ ಹಿಡಿದು ಸಣ್ಣದೊಂದು ಫ್ಲ್ಯಾಟ್ ಕೊಂಡಿರುತ್ತಾರೆ. ಕೆಲವರು ಅಪ್ಪ-ಅಮ್ಮನ ಹೆಸರನ್ನೂ ಸೇರಿಸಿರುತ್ತಾರೆ. ಆಮೇಲೆ ಮಗನಿಗೆ ಬೇರೆ ದೇಶದಲ್ಲಿ ಕೆಲಸ ಸಿಗುತ್ತದೆ, ಇಲ್ಲವೇ ಊರಿಗೇ ವಾಪಸ್ ಬರುತ್ತಾನೆ. ಫ್ಲ್ಯಾಟ್ ಅಲ್ಲೇ ಉಳಿಯುತ್ತದೆ, ಅದರ ಕಂದಾಯವೂ (ಅಲ್ಲಿ ಅದಕ್ಕೆ ಕೌನ್ಸಿಲ್ ಟ್ಯಾಕ್ಸ್ ಅಂತಾರೆ) ಉಳಿಯುತ್ತದೆ.

ಇಂಥವರ ಕಾಗದಪತ್ರ ನೋಡಿಕೊಡುವಾಗ ಮತ್ತೆ ಮತ್ತೆ ಒಂದೇ ತಪ್ಪು ಕಾಣುತ್ತೇನೆ. ಕಟ್ಟಲು ದುಡ್ಡಿರುತ್ತದೆ, ಮನಸ್ಸೂ ಇರುತ್ತದೆ. ಮನೆಯಲ್ಲಿ ಯಾರಿದ್ದಾರೆ, ಯಾರು ಬಿಟ್ಟು ಹೋದರು ಎಂದು ಅಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ತಿಳಿಸಿರುವುದಿಲ್ಲ. ಮುಂದಿನ ಎಲ್ಲ ಕಷ್ಟಕ್ಕೂ ಅದೇ ಬೇರು.

ಮೊದಲು ನಮ್ಮೂರಿನ ಲೆಕ್ಕ ಮರೆಯಿರಿ

ನಮ್ಮಲ್ಲಿ ಖಾತೆ ಯಾರ ಹೆಸರಲ್ಲಿದೆಯೋ ಕಂದಾಯ ಅವರದ್ದು. ಬಾಡಿಗೆಗೆ ಕೊಟ್ಟರೂ ಅಷ್ಟೇ, ಬೀಗ ಹಾಕಿದರೂ ಅಷ್ಟೇ. ಏಪ್ರಿಲ್‌ನಲ್ಲಿ ಪಾಲಿಕೆಗೆ ಪೂರ್ತಿ ಕಟ್ಟಿ 5% ರಿಯಾಯಿತಿ ಪಡೆದರೆ ಆ ವರ್ಷದ ಕೆಲಸ ಮುಗಿಯಿತು. ಇಂಗ್ಲೆಂಡಿನ ಕೌನ್ಸಿಲ್ ಟ್ಯಾಕ್ಸ್ ಮೊದಲು ನೋಡುವುದು ಮನೆಯಲ್ಲಿ ಯಾರು ವಾಸವಿದ್ದಾರೆ ಅಂತ. ಯಾರೂ ಇಲ್ಲದಿದ್ದರೆ ಆಗ ಮಾಲೀಕನ ಕಡೆ ತಿರುಗುತ್ತದೆ. ಈ ಒಂದು ವ್ಯತ್ಯಾಸ ತಲೆಗೆ ಹೋದರೆ ಅರ್ಧ ಕೆಲಸ ಆದಂತೆ.

ನಿಮ್ಮ ಮನೆ ಯಾವ ಕೌನ್ಸಿಲ್‌ಗೆ ಸೇರಿದೆ ಎಂದು ಬ್ರಿಟಿಷ್ ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿ ನೋಡಿ. ವೇಲ್ಸ್, ಸ್ಕಾಟ್ಲೆಂಡ್ ನಿಯಮಗಳು ಬೇರೆ. ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನದ್ದು. ಇನ್ನೊಂದು ಮಾತು: ಅಪಾರ್ಟ್‌ಮೆಂಟಿನವರಿಗೆ ಕಟ್ಟುವ ಸರ್ವೀಸ್ ಚಾರ್ಜ್‌ನಲ್ಲಿ ಕೌನ್ಸಿಲ್ ಟ್ಯಾಕ್ಸ್ ಸೇರಿಲ್ಲ. ಸೇರಿದೆ ಅಂದುಕೊಂಡು ಸುಮ್ನೆ ಕೂತವರಿದ್ದಾರೆ.

ಮನೆ ಯಾವ ಲೆಕ್ಕಕ್ಕೆ ಬರುತ್ತದೆ?

ಇದೇ ಕಷ್ಟದ ಹೆಜ್ಜೆ. ನಿಧಾನವಾಗಿ ಓದಿ.

ಇಡೀ ಮನೆ ಒಂದು ಕುಟುಂಬಕ್ಕೆ ಬಾಡಿಗೆಗಿದ್ದರೆ ಟ್ಯಾಕ್ಸ್ ಬಾಡಿಗೆದಾರರದ್ದು. ಒಂದೊಂದು ಕೋಣೆಯನ್ನು ಒಬ್ಬೊಬ್ಬರಿಗೆ ಬೇರೆ ಬೇರೆ ಕರಾರಿನಲ್ಲಿ ಕೊಟ್ಟಿದ್ದರೆ ಸಾಮಾನ್ಯವಾಗಿ ಮಾಲೀಕರದ್ದು. ಮನೆಯಲ್ಲಿರುವ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಟ್ಯಾಕ್ಸ್ ಇಲ್ಲ. ಆದರೆ ಅದು ತಾನಾಗಿ ಸಿಗುವುದಿಲ್ಲ, ಯೂನಿವರ್ಸಿಟಿಯ ಪತ್ರ ಕೊಟ್ಟು ಕೇಳಬೇಕು.

ಬಾಡಿಗೆದಾರರು ಬಿಟ್ಟ ದಿನದಿಂದ ಹೊಣೆ ನಿಮಗೆ ಬರುತ್ತದೆ. ಜಂಟಿ ಹೆಸರಿದ್ದರೆ ಇಬ್ಬರ ಮೇಲೂ ಪೂರ್ತಿ ಹೊಣೆ, ಅರ್ಧರ್ಧ ಅಲ್ಲ. ಈಗ ಎರಡು ದಾರಿ. ಮಂಚ, ಸೋಫಾ, ಅಡುಗೆ ಸಾಮಾನು ಎಲ್ಲ ಇದ್ದು ಯಾರೂ ಕಾಯಂ ವಾಸ ಇಲ್ಲದಿದ್ದರೆ ಅದು ‘ಸೆಕೆಂಡ್ ಹೋಮ್’. ಸಾಮಾನು ಹೆಚ್ಚುಕಡಿಮೆ ಏನೂ ಇಲ್ಲದಿದ್ದರೆ ಅದು ‘ಖಾಲಿ ಮನೆ’.

ಏಪ್ರಿಲ್ 2025ರಿಂದ ಸೆಕೆಂಡ್ ಹೋಮ್ ಮೇಲೆ 100% ವರೆಗೆ ಹೆಚ್ಚುವರಿ ಹಾಕಲು ಕೌನ್ಸಿಲ್‌ಗಳಿಗೆ ಅಧಿಕಾರ ಸಿಕ್ಕಿದೆ. ಅಂದರೆ ಬಿಲ್ ಎರಡು ಪಟ್ಟಾಗಬಹುದು. ಹಾಕಲೇಬೇಕು ಅಂತಿಲ್ಲ, ಆಯಾ ಕೌನ್ಸಿಲ್ ತೀರ್ಮಾನ. ಖಾಲಿ ಮನೆಯಾದರೆ ಒಂದು ವರ್ಷ ದಾಟಿದ ಮೇಲೆ 100%, ಐದು ವರ್ಷ ದಾಟಿದರೆ 200%, ಹತ್ತು ವರ್ಷ ದಾಟಿದರೆ 300% ವರೆಗೆ ಹೆಚ್ಚುವರಿ ಬೀಳಬಹುದು. ಹತ್ತು ವರ್ಷ ಬೀಗ ಹಾಕಿಟ್ಟ ಮನೆಗೆ ನಾಲ್ಕು ಪಟ್ಟು ಬಿಲ್!

‘ಸಾಮಾನು ಖಾಲಿ ಮಾಡಿಸಿ, ಎರಡು ಪಟ್ಟು ತಪ್ಪುತ್ತದೆ’ ಎಂದು ಕೆಲವರು ಸಲಹೆ ಕೊಡುತ್ತಾರೆ. ಕೇಳಬೇಡಿ. ಒಂದು ವರ್ಷ ಕಳೆದರೆ ಖಾಲಿ ಮನೆಯ ಲೆಕ್ಕದಲ್ಲಿ ಅದೇ ಎರಡು ಪಟ್ಟು ಬರುತ್ತದೆ. ಸಾಮಾನು ಸಾಗಿಸಿದ ಖರ್ಚು ಬೇರೆ. ‘ಅಣ್ಣನ ಮಗ ಅಲ್ಲೇ ಇದ್ದಾನೆ ಅಂತ ಬರೆದುಬಿಡಿ, ಒಬ್ಬರೇ ಇದ್ದರೆ 25% ಕಡಿಮೆ’ ಎನ್ನುವ ಸಲಹೆ ಇನ್ನೂ ಕೆಟ್ಟದ್ದು. ಅದು ಸುಳ್ಳು ಮಾಹಿತಿ, ದಂಡ ಬೀಳುತ್ತದೆ. ಆ ಹುಡುಗನ ದಾಖಲೆಗೂ ಮಸಿ.

ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಟ್ಟರೆ ಕೌನ್ಸಿಲ್ ಟ್ಯಾಕ್ಸ್ ಬಿಟ್ಟು ವ್ಯಾಪಾರದ ತೆರಿಗೆಗೆ ಹೋಗಬಹುದು ನಿಜ. ಆದರೆ ಅದಕ್ಕೆ ವರ್ಷದಲ್ಲಿ 140 ರಾತ್ರಿ ಬಾಡಿಗೆಗೆ ತೆರೆದಿರಬೇಕು, ಅದರಲ್ಲಿ 70 ರಾತ್ರಿ ನಿಜವಾಗಿ ಹೋಗಿರಬೇಕು. ಶಿವಮೊಗ್ಗದಲ್ಲಿ ಕೂತು ಅಲ್ಲಿ ಹಾಸಿಗೆ ಬದಲಿಸುವ ಉಸಾಬರಿ ಬೇಡ ಅಂತಲೇ ನಾನು ಹೇಳುವುದು. ಒಳ್ಳೆಯ ಕುಟುಂಬಕ್ಕೆ ಕಾಯಂ ವಾಸಕ್ಕೆ ಬಾಡಿಗೆಗೆ ಕೊಡಿ.

ನಿಜವಾದ ವಿನಾಯಿತಿ ಒಂದಿದೆ, ಅದನ್ನು ಬಿಡಬೇಡಿ. ಮನೆಯನ್ನು ಮಾರಾಟಕ್ಕೋ ಬಾಡಿಗೆಗೋ ಸರಿಯಾದ ಬೆಲೆಗೆ ಇಟ್ಟಿದ್ದರೆ 12 ತಿಂಗಳವರೆಗೆ ಈ ಹೆಚ್ಚುವರಿ ಬೀಳುವುದಿಲ್ಲ. ಮೂಲ ಟ್ಯಾಕ್ಸ್ ಮಾತ್ರ. ಏಜೆಂಟರ ಜಾಹೀರಾತಿನ ಪ್ರತಿ, ತಾರೀಕು ಸಮೇತ ಇಟ್ಟುಕೊಳ್ಳಿ.

ಕೌನ್ಸಿಲ್‌ಗೆ ಬರೆಯುವುದು

ಸ್ಥಿತಿ ಬದಲಾದ ವಾರದಲ್ಲೇ ಬರೆಯಿರಿ. ಕೌನ್ಸಿಲ್ ವೆಬ್‌ಸೈಟಿನ ಫಾರ್ಮ್ ತುಂಬಿ, ಅದೇ ಮಾತನ್ನು ಇಮೇಲ್‌ನಲ್ಲೂ ಕಳಿಸಿ. ಇಮೇಲ್‌ನಲ್ಲಿ ಇಷ್ಟು ಇರಲಿ: ಕೌನ್ಸಿಲ್ ಟ್ಯಾಕ್ಸ್ ಖಾತೆ ಸಂಖ್ಯೆ, ಮನೆಯ ವಿಳಾಸ, ಬಾಡಿಗೆದಾರರು ಬಿಟ್ಟ ದಿನಾಂಕ, ಸಾಮಾನು ಇದೆಯೋ ಇಲ್ಲವೋ, ನಿಮ್ಮ ಇಲ್ಲಿನ ಪೂರ್ತಿ ವಿಳಾಸ ಪಿನ್‌ಕೋಡ್ ಸಹಿತ. ಬಾಡಿಗೆ ಕರಾರಿನ ಪ್ರತಿ, ಬಿಟ್ಟ ದಿನದ ಕರೆಂಟ್ ಮೀಟರಿನ ಫೋಟೋ ಲಗತ್ತಿಸಿ.

ವಿಳಾಸ ಬದಲಿಸದಿದ್ದರೆ ಬಿಲ್ಲು, ನೆನಪಿನ ಪತ್ರ, ಕೋರ್ಟ್ ಸಮನ್ಸ್ ಎಲ್ಲವೂ ಆ ಖಾಲಿ ಫ್ಲ್ಯಾಟಿನ ಬಾಗಿಲ ಸಂದಿಯಿಂದ ಒಳಗೆ ಬಿದ್ದು ರಾಶಿಯಾಗುತ್ತವೆ. ನೋಡುವವರು ಯಾರು? ವಿಳಾಸ ಕೊಟ್ಟರೂ ಅಂಚೆಯನ್ನೇ ನಂಬಬೇಡಿ. ನೆನಪಿನ ಪತ್ರದಲ್ಲಿ ಕೊಡುವ ಗಡುವು ಏಳು ದಿನ. ಇಂಗ್ಲೆಂಡಿನ ಕಾಗದ ಮಳೆಗಾಲದಲ್ಲಿ ಹೊಸನಗರದ ಹಳ್ಳಿಮನೆ ಮುಟ್ಟುವ ಹೊತ್ತಿಗೆ ಆ ಗಡುವು ಮುಗಿದಿರುತ್ತದೆ. ಬಿಲ್ ಇಮೇಲ್‌ಗೇ ಬರಲಿ ಎಂದು ಆನ್‌ಲೈನ್ ಖಾತೆಯಲ್ಲಿ ಆಯ್ಕೆ ಮಾಡಿ.

ಅಪ್ಪ-ಅಮ್ಮನ ಹೆಸರಿನ ಬಿಲ್ ಬಗ್ಗೆ ಮಗಳು ಫೋನ್ ಮಾಡಿದರೆ ಕೌನ್ಸಿಲ್‌ನವರು ಮಾತಾಡುವುದಿಲ್ಲ. ‘ನನ್ನ ಪರವಾಗಿ ಮಗಳು ವ್ಯವಹರಿಸಬಹುದು’ ಎಂದು ಸಹಿ ಮಾಡಿದ ಪತ್ರ ಮೊದಲೇ ಕಳಿಸಿಡಿ. ನಮ್ಮ ಹಿರಿಯರು ಫೋನಿನಲ್ಲಿ ಆ ಇಂಗ್ಲಿಷ್ ಉಚ್ಚಾರಣೆಯ ಜೊತೆ ಒದ್ದಾಡುವುದು ಬೇಡ, ಅಲ್ವಾ?

ಬಿಲ್ ಬಂದ ಮೇಲೆ

ಬಿಲ್ ಮಾರ್ಚ್ ಹೊತ್ತಿಗೆ ಬರುತ್ತದೆ. ಅದರಲ್ಲಿ ‘ಎ’ಯಿಂದ ‘ಎಚ್’ವರೆಗಿನ ಒಂದು ಬ್ಯಾಂಡ್ ಇರುತ್ತದೆ. 1 ಏಪ್ರಿಲ್ 1991ರಂದು ಆ ಮನೆಗೆ ಎಷ್ಟು ಬೆಲೆ ಬರುತ್ತಿತ್ತು ಎನ್ನುವುದರ ಮೇಲೆ ಇದು ನಿಂತಿದೆ. ಬ್ಯಾಂಡ್ ತಪ್ಪು ಅನಿಸಿದರೆ ಬ್ಯಾಂಡ್ ನಿಗದಿ ಮಾಡುವ ಸರ್ಕಾರಿ ವ್ಯಾಲ್ಯುಯೇಷನ್ ವಿಭಾಗಕ್ಕೆ ನೀವೇ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ‘ಬ್ಯಾಂಡ್ ಇಳಿಸಿಕೊಡುತ್ತೇವೆ, ಪಾಲು ಕೊಡಿ’ ಎನ್ನುವ ಏಜೆಂಟರಿಗೆ ಒಂದು ಪೈಸೆಯೂ ಕೊಡಬೇಡಿ. ಕೇಳಿದ ಮೇಲೆ ಬ್ಯಾಂಡ್ ಮೇಲೂ ಹೋಗಬಹುದು. ಅಕ್ಕಪಕ್ಕದ ಅಂಥದ್ದೇ ಮನೆಗಳ ಬ್ಯಾಂಡ್ ನೋಡಿಯೇ ಮುಂದುವರಿಯಿರಿ.

ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿವರೆಗೆ ಹತ್ತು ಕಂತು. ಕೇಳಿದರೆ ಹನ್ನೆರಡು ಮಾಡಿಕೊಡುತ್ತಾರೆ. ನಮ್ಮ ಕಡೆ ‘ಅಡಿಕೆ ಮಂಡಿಗೆ ಹೋಗಲಿ, ಒಟ್ಟಿಗೆ ಕಟ್ಟೋಣ’ ಅನ್ನುವ ರೂಢಿ ಇದೆಯಲ್ಲ, ಅದು ಅಲ್ಲಿ ನಡೆಯುವುದಿಲ್ಲ. ಕಂತು ತಪ್ಪಿದರೆ ನೆನಪಿನ ಪತ್ರ. ಆಗಲೂ ಕಟ್ಟದಿದ್ದರೆ ಕಂತಿನ ಸೌಲಭ್ಯ ಹೋಗಿ ವರ್ಷದ ಬಾಕಿಯೆಲ್ಲ ಒಟ್ಟಿಗೆ ಕಟ್ಟಬೇಕು. ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್, ಅದರ ಖರ್ಚೂ ನಿಮ್ಮ ಮೇಲೆ. ಕೋರ್ಟಿನ ಆದೇಶವಾದ ಬಾಕಿ 1,000 ಪೌಂಡ್ ದಾಟಿದರೆ ಮನೆಯ ಮೇಲೆ ಸಾಲದಂತೆ ಅದನ್ನು ದಾಖಲಿಸಲು ಕೌನ್ಸಿಲ್ ಕೋರ್ಟಿಗೆ ಹೋಗಬಹುದು.

ಕಟ್ಟಲು ಸುಲಭದ ದಾರಿ ಅಲ್ಲಿನ ಬ್ಯಾಂಕ್ ಖಾತೆಯಿಂದ ಡೈರೆಕ್ಟ್ ಡೆಬಿಟ್, ಅಂದರೆ ಕಂತು ತಾನಾಗಿ ಕಡಿತವಾಗುವ ವ್ಯವಸ್ಥೆ. ಊರಿಗೆ ಬರುವಾಗ ಆ ಖಾತೆ ಮುಚ್ಚಬೇಡಿ. ಅದು ಇಲ್ಲದಿದ್ದರೆ ಇಲ್ಲಿನ ಬ್ಯಾಂಕಿನಿಂದ ಕಳಿಸಬೇಕು. ಪ್ಯಾನ್, ವಿದೇಶಕ್ಕೆ ಹಣ ಕಳಿಸುವ ಎ2 ಫಾರ್ಮ್, ಬಿಲ್ಲಿನ ಪ್ರತಿ ಸಾಕು. ವಿದೇಶಿ ವಿನಿಮಯ ಮಾಡುವ ದೊಡ್ಡ ಶಾಖೆಗೇ ಹೋಗಿ. ಸಣ್ಣ ಶಾಖೆಗಳಲ್ಲಿ ಈ ಕೆಲಸದ ರೂಢಿ ಕಡಿಮೆ. ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಒಟ್ಟು ಕಳಿಸಿದ್ದು ₹10 ಲಕ್ಷ ದಾಟಿದರೆ ಮಾತ್ರ ಬ್ಯಾಂಕ್ ಟಿಸಿಎಸ್ (ಮುಂಗಡ ತೆರಿಗೆ) ಹಿಡಿಯುತ್ತದೆ. ಎರಡು ವಿಷಯ ಮರೆಯಬೇಡಿ: ಬಿಲ್ಲಿನ ಖಾತೆ ಸಂಖ್ಯೆಯನ್ನು ರೆಫರೆನ್ಸ್ ಜಾಗದಲ್ಲಿ ಬರೆಸಿ, ಬ್ಯಾಂಕಿನ ಶುಲ್ಕವೆಲ್ಲ ಕಳಿಸುವವರದ್ದೇ ಎಂದು ಗುರುತು ಹಾಕಿಸಿ. ಇಲ್ಲದಿದ್ದರೆ ದಾರಿಯಲ್ಲಿ ಕಡಿತವಾಗಿ ಹತ್ತಿಪ್ಪತ್ತು ಪೌಂಡ್ ಕಡಿಮೆ ಮುಟ್ಟುತ್ತದೆ, ಅದೂ ಬಾಕಿಯೇ. ಹೀಗೆ ಕಳಿಸುವವರು ತಿಂಗಳ ಕಂತು ಬಿಟ್ಟು ಏಪ್ರಿಲ್‌ನಲ್ಲೇ ಇಡೀ ವರ್ಷದ್ದು ಕಟ್ಟುವುದು ಒಳ್ಳೆಯದು.

ಇಲ್ಲಿನ ಆಡಿಟರಿಗೆ ಹೇಳಿ

ನೀವು ಇಲ್ಲಿ ಕಾಯಂ ವಾಸಿಗಳಾಗಿದ್ದರೆ ಆ ಮನೆಯನ್ನು ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಲೇಬೇಕು. ಜಂಟಿ ಹೆಸರಿದ್ದರೆ ಇಬ್ಬರೂ. ಐಟಿಆರ್-1 ಎಂಬ ಸರಳ ರಿಟರ್ನ್ ಫಾರ್ಮ್ ನಡೆಯುವುದಿಲ್ಲ. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ ₹10 ಲಕ್ಷ ದಂಡ ಬೀಳಬಹುದು. ಬಾಡಿಗೆ ಬಂದರೆ ಇಲ್ಲೂ ತೋರಿಸಬೇಕು. ಅಲ್ಲಿ ಕಟ್ಟಿದ ಆದಾಯ ತೆರಿಗೆಗೆ ಇಲ್ಲಿ ವಜಾ ಸಿಗುತ್ತದೆ. ಕೌನ್ಸಿಲ್ ಟ್ಯಾಕ್ಸ್ ಆದಾಯ ತೆರಿಗೆ ಅಲ್ಲ, ಅದಕ್ಕೆ ಆ ವಜಾ ಇಲ್ಲ.

ಮನೆ ಮಾರಿದರೆ ಮಾರಾಟ ಪೂರ್ತಿಯಾಗಿ ಮನೆ ಕೈಬದಲಾದ ದಿನವೇ ಕೌನ್ಸಿಲ್‌ಗೆ ತಾರೀಕು ತಿಳಿಸಿ. ಮುಂಗಡ ಕಟ್ಟಿದ್ದರೆ ಉಳಿದ ತಿಂಗಳುಗಳ ಹಣ ವಾಪಸ್ ಬರುತ್ತದೆ. ಆ ಹಣ ಜಮೆಯಾಗುವವರೆಗೂ ಅಲ್ಲಿನ ಬ್ಯಾಂಕ್ ಖಾತೆ ತೆರೆದೇ ಇರಲಿ.